ಮಲ್ಲಿಗೆ ಮೊಗ್ಗಿಗೆ ಬೆಳಿಗ್ಗೆ ಯಾಕೆ ಪರಿಮಳ ಇಲ್ಲ ಟೀಚರ್?

ಪ್ರಶ್ನೆ: ನಮಸ್ತೆ ಸರ್. ಕಾಪು ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತೇನೆ. 28 ಮಕ್ಕಳು. ಪಂಚೇಂದ್ರಿಯಗಳ ಪಾಠಕ್ಕೆಂದು ಕಳೆದ ವರ್ಷ ಬಸ್ಸು ಮಾಡಿಕೊಂಡು ಮಂಗಳೂರಿಗೆ ಹೋಗಿ, ಇಂದ್ರಿಯಕ್ಕೊಂದರಂತೆ ಒಂದೇ ದಿನದಲ್ಲಿ ಐದು ಜಾಗ ತೋರಿಸಿದೆವು. ಮರುದಿನ ಕೇಳಿದರೆ ಮಕ್ಕಳಿಗೆ ನೆನಪಿದ್ದದ್ದು ಐಸ್‌ಕ್ರೀಂ, ಮತ್ತೆ ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು ಎಂಬುದು. ಈ ಜನವರಿಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ? ಒಬ್ಬ ಹುಡುಗ ಕಿವಿಗೆ ಶ್ರವಣಯಂತ್ರ ಹಾಕುತ್ತಾನೆ. ಒಬ್ಬಳಿಗೆ ಅಂಟು, ಕೆಸರು ಮುಟ್ಟುವುದೆಂದರೆ ಆಗುವುದೇ ಇಲ್ಲ. ಅವರಿಬ್ಬರನ್ನು ಹೇಗೆ ಸೇರಿಸಿಕೊಳ್ಳಲಿ? ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ತೋರಿಸುವ ಹಳೆಯ ಚಾರ್ಟು ನಮ್ಮಲ್ಲಿದೆ. ಅದು ತಪ್ಪು ಎನ್ನುತ್ತಾರೆ, ನಿಜವೇ?

ಉತ್ತರ: ಟೀಚರ್, ಆ ವಾಂತಿಯ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಇಡೀ ದಿನದಲ್ಲಿ ಇಂದ್ರಿಯಗಳ ಪಾಠ ಅಂತ ನಡೆದದ್ದು ಅದೊಂದೇ ಇರಬೇಕು. ಒಳಗಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಪುಟ್ಟ ಕೊಳವೆಗಳಿವೆ. ಬಸ್ಸು ತಿರುವಿನಲ್ಲಿ ವಾಲಿದಾಗ ಅವು "ನಾವು ಅಲ್ಲಾಡುತ್ತಿದ್ದೇವೆ" ಎನ್ನುತ್ತವೆ. ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು "ಎಲ್ಲಿ, ಏನೂ ಅಲ್ಲಾಡುತ್ತಿಲ್ಲವಲ್ಲ" ಎನ್ನುತ್ತದೆ. ಈ ಎರಡರ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಚಾರ್ಟಿನ ಐದರಲ್ಲಿ ಸೇರದ ಇಂದ್ರಿಯವೊಂದು ನಿಮ್ಮ ಬಸ್ಸಿನಲ್ಲಿ ಹಾಜರಿ ಹಾಕಿ ಹೋಗಿದೆ.

ಎಲ್ಲಿಗೆ ಎಂದು ಕೇಳಿದ್ದೀರಿ. ಕಟಪಾಡಿಯಿಂದ ಆಚೆಗೆ ಹೋಗಲೇಬೇಡಿ. ಮೂಡಕ್ಕೆ ಶಂಕರಪುರದ ಮಲ್ಲಿಗೆ ತೋಟ, ಪಡುವಕ್ಕೆ ಮಟ್ಟುವಿನ ಗುಳ್ಳದ (ಉರುಟು ಬದನೆಯ) ಗದ್ದೆ, ಅದರಾಚೆ ಕಡಲು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಶಾಲೆಗೆ ವಾಪಸು. ಮಂಗಳೂರಿನ ಪಿಲಿಕುಳ ನಿಸರ್ಗಧಾಮ ಒಳ್ಳೆಯ ಜಾಗವೇ. ಅಲ್ಲಿನ ವಿಜ್ಞಾನ ಕೇಂದ್ರ, ಗುತ್ತಿನ ಮನೆ, ಕುಂಬಾರ ನೇಕಾರರ ಕೆಲಸ ಎಲ್ಲವೂ ಐದು, ಆರನೇ ತರಗತಿಯವರಿಗೆ ಚೆನ್ನಾಗಿ ಹಿಡಿಸುತ್ತವೆ. ಆರು ವರ್ಷದ ಮಗುವಿಗೆ ಮಾತ್ರ ಹೊಸ ಜಾಗ ಎಂದರೆ ಮೊದಲು ಗಾಬರಿ, ಆಮೇಲೆ ಓಟ, ಕೊನೆಗೆ ಸುಸ್ತು. ಮೂಗು, ಚರ್ಮ ಕೆಲಸ ಶುರುಮಾಡಬೇಕಾದರೆ ಅದು ಒಂದು ಕಡೆ ಸುಮ್ಮನೆ ನಿಲ್ಲಬೇಕು. ಗೊತ್ತಿರುವ ಜಾಗದಲ್ಲಷ್ಟೇ ನಿಲ್ಲುತ್ತದೆ.

"ಅಲ್ಲಿ ನೋಡಲಿಕ್ಕೆ ಏನಿದೆ, ನಮ್ಮ ಮನೆ ಹಿಂದೆಯೇ ಇದೆಯಲ್ಲ" ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಅಂಥವರನ್ನೇ ಜೊತೆಗೆ ಕರೆಯಿರಿ. ಏಳೇಳು ಮಕ್ಕಳ ನಾಲ್ಕು ಗುಂಪು ಮಾಡಿ, ಗುಂಪಿಗೊಬ್ಬ ದೊಡ್ಡವರಿರಲಿ. ಅವರಿಗೆ ಒಂದೇ ಷರತ್ತು, ಮಕ್ಕಳಿಗೆ ಉತ್ತರ ಹೇಳಿಕೊಡಬಾರದು. ಇದು ಅವರಿಗೆ ಬಹಳ ಕಷ್ಟವಾಗುತ್ತದೆ, ನೋಡಿ.

ಮೂಗಿನಿಂದ ಶುರುಮಾಡಿ. ನಮ್ಮ ಶಾಲೆಗಳಲ್ಲಿ ತೀರಾ ಅನಾಥವಾಗಿರುವ ಇಂದ್ರಿಯ ಅದೇ. ನಾನೂ ಅದನ್ನು ಕೆಡಿಸಿದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತು ಡಬ್ಬಿಗಳಲ್ಲಿ ಕರ್ಪೂರ, ಏಲಕ್ಕಿ, ಒಣಮೀನು, ಸಾಬೂನು, ಕಾಫಿಪುಡಿ ಎಂದೆಲ್ಲ ತುಂಬಿ ಸಾಲಾಗಿ ಇಟ್ಟು, ಮಕ್ಕಳನ್ನು ಕ್ಯೂ ನಿಲ್ಲಿಸಿ ಮೂಸಿಸಿದ್ದೆ. ನಾಲ್ಕನೇ ಡಬ್ಬಿಯ ಹೊತ್ತಿಗೆ ಎಲ್ಲರೂ "ಒಣಮೀನು" ಎನ್ನುತ್ತಿದ್ದರು. ಐದನೆಯದು ಸಾಬೂನು, ಅದಕ್ಕೂ ಒಣಮೀನು! ಮಕ್ಕಳಿಗೆ ಗಮನ ಇಲ್ಲ ಎಂದು ಬೈದೆ. ತಪ್ಪು ನನ್ನದಾಗಿತ್ತು. ಒಂದೇ ವಾಸನೆ ಬರುತ್ತಾ ಇದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಲ್ಪೆ ಬಂದರಿಗೆ ಕಾಲಿಟ್ಟಾಗ ಮೂಗು ಮುಚ್ಚಿಕೊಂಡವರು ಹದಿನೈದು ನಿಮಿಷ ಬಿಟ್ಟು ಅಲ್ಲೇ ನಿಂತು ಚಾ ಕುಡಿಯುವುದಿಲ್ಲವೇ? ಸಾಲದ್ದಕ್ಕೆ ಒಣಮೀನಿನಂಥ ಜೋರು ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡಿತ್ತು. ಆರು ವರ್ಷದವರಿಗೆ ಒಂದು ಹೊತ್ತಿಗೆ ಎರಡು ವಾಸನೆ ಸಾಕು, ಹೆಚ್ಚೆಂದರೆ ಮೂರು. ನಡುನಡುವೆ ತಮ್ಮದೇ ಮುಂಗೈ ಮೂಸಲಿ, ಇಲ್ಲವೇ ಗಾಳಿಗೆ ಮುಖ ಮಾಡಿ ನಿಲ್ಲಲಿ. ಉದ್ದಕ್ಕೆ ಎಳೆಯುವುದಕ್ಕಿಂತ ನಾಯಿ ಮೂಸಿದ ಹಾಗೆ ಚಿಕ್ಕಚಿಕ್ಕದಾಗಿ ಎಳೆಯಲು ಹೇಳಿ. ನಾಯಿ ಎಂದ ಕೂಡಲೇ ಮಕ್ಕಳು ಬಹಳ ಚೆನ್ನಾಗಿ ಮಾಡುತ್ತಾರೆ.

ಶಂಕರಪುರದ ತೋಟಕ್ಕೆ ಆದಷ್ಟು ಬೇಗ ಹೋಗಿ. ಮೊಗ್ಗು ಕೊಯ್ಯುವುದು ಬೆಳಗಿನ ಕೆಲಸ. ಗಿಡದಲ್ಲಿರುವ ಬಿಳಿ ಮೊಗ್ಗನ್ನು ಮಕ್ಕಳು ಬಗ್ಗಿ ಮೂಸಲಿ. ಪರಿಮಳ ಇಲ್ಲವೆಂದೇ ಹೇಳಬೇಕು, ಹಸಿ ಎಲೆಯಂಥ ಒಂದು ವಾಸನೆ ಅಷ್ಟೆ. ಮಕ್ಕಳಿಗೆ ಅಲ್ಲಿ ನಿರಾಸೆ ಆಗಲಿ, ಆಗಬೇಕು. ಸಮಾಧಾನ ಹೇಳಲು ಹೋಗಬೇಡಿ. ನಾನು ಒಮ್ಮೆ ಮಕ್ಕಳ ಜೊತೆ ನಿಂತಿದ್ದಾಗ ಒಬ್ಬಳು ಮೊಗ್ಗನ್ನು ಮೂಗಿನೊಳಕ್ಕೇ ತುರುಕುವಷ್ಟು ಹತ್ತಿರ ಹಿಡಿದು, "ಇದು ಡೂಪ್ಲಿಕೇಟ್ ಮಲ್ಲಿಗೆ" ಎಂದು ತೀರ್ಪು ಕೊಟ್ಟುಬಿಟ್ಟಳು. ತೋಟದ ಬಾಯಮ್ಮನಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ಒಂದು ಚೆಂಡು ಮಲ್ಲಿಗೆ ಕೊಂಡುಕೊಂಡು ಬನ್ನಿ. ದುಡ್ಡು ಕೊಟ್ಟೇ ತನ್ನಿ, ಪುಕ್ಕಟೆ ಕೇಳಬೇಡಿ. ಚಳಿಗಾಲದಲ್ಲಿ ಹೂ ಕಡಿಮೆ, ದರ ಮೇಲೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕವನ್ನು ಬಾಯಮ್ಮನ ಬಾಯಲ್ಲೇ ಹೇಳಿಸಿ, ಗಣಿತಕ್ಕೂ ಆಯಿತು. ಬಾಳೆನಾರಿನಲ್ಲಿ ಕಟ್ಟಿದ ಆ ಚೆಂಡನ್ನು ಬಾಳೆಲೆಯಲ್ಲಿ ಸುತ್ತಿ ತರಗತಿಯ ಮೂಲೆಯಲ್ಲಿಡಿ. ಊಟದ ಹೊತ್ತಿಗೆ ಒಮ್ಮೆ ಮೂಸಿಸಿ, ಮನೆಗೆ ಬಿಡುವ ಮುಂಚೆ ಇನ್ನೊಮ್ಮೆ. ಮಲ್ಲಿಗೆ ಅರಳುವುದು ಇಳಿಹೊತ್ತಿನ ಮೇಲೆ, ಪರಿಮಳವನ್ನು ಗಾಳಿಗೆ ಬಿಡುವುದೂ ಅರಳುವಾಗಲೇ. ಬೆಳಿಗ್ಗೆ ಸುಳ್ಳು ಮಲ್ಲಿಗೆ ಎನಿಸಿದ್ದು ಸಂಜೆಯ ಗಂಟೆ ಹೊಡೆಯುವಾಗ ಬಾಯಿ ಬಿಡಲು ಶುರುಮಾಡಿರುತ್ತದೆ. ಆಗ ಒಂದು ತುಂಡು ಕಟ್ ಮಾಡಿ ಒಬ್ಬೊಬ್ಬರ ಕೈಗೂ ಕೊಟ್ಟು ಕಳಿಸಿ, ರಾತ್ರಿ ಮಲಗುವಾಗ ಮತ್ತೆ ಮೂಸಲಿ. ನಿಮ್ಮ ಪಾಠದ ಉಳಿದ ಭಾಗ ಮನೆಯಲ್ಲೇ ಆಗುತ್ತದೆ. ಪರಿಮಳ ಎನ್ನುವುದು ಹೂವಿನಿಂದ ಹಾರಿ ಬಂದು ಮೂಗಿನೊಳಗೆ ತಾಗುವ ಕಣ್ಣಿಗೆ ಕಾಣದಷ್ಟು ಸಣ್ಣ ಪದಾರ್ಥ ಎಂದು ಹೇಳಿದರೆ ಈ ವಯಸ್ಸಿಗೆ ಸಾಕು. ನಿಮ್ಮ ತಿಳಿವಳಿಕೆಗೆ ಬೇಕಿದ್ದರೆ, ಹಾಗೆ ಬಂದದ್ದನ್ನು ಹಿಡಿಯಲು ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ಗುಟ್ಟು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ವಾಸನೆ ಗೊತ್ತಾಗುತ್ತದೆ, ಅದನ್ನು ಹೇಳಲು ಮಾತಿಲ್ಲ. "ಹೇಗಿದೆ?" ಎಂದರೆ "ಚೆಂದ", "ಛೀ" ಎರಡೇ. ಅಜ್ಜಿಯಂದಿರ ಬಾಯಲ್ಲಿ ಎಷ್ಟು ಇತ್ತು ನೆನಪಿಸಿಕೊಳ್ಳಿ: ಎಣ್ಣೆ ಹಳತಾದರೆ ಕಮಟು, ಮಳೆಗಾಲದ ಬಟ್ಟೆ ಮುಗ್ಗಲು, ಒಲೆಯ ಮೇಲೆ ಬಿಟ್ಟ ಅನ್ನ ಸೀದ ವಾಸನೆ, ಮೆಣಸು ಹುರಿದರೆ ಘಾಟು, ನಿನ್ನೆಯ ಸಾರು ಹಳಸಲು, ಬೇಯದ ಹಿಟ್ಟು ಹಸಿ ಹಸಿ. ಒಂದೊಂದಕ್ಕೂ ಒಂದೊಂದು ಹೆಸರು. ನಿಮ್ಮ ತರಗತಿಯಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಎಲ್ಲ ಇರುತ್ತದೆ. ಮಗು ಕಹಿಗೆ "ಕೈಪೆ" ಎಂದರೆ ತಿದ್ದಬೇಡಿ, ಹಾಗೇ ಬರೆದುಕೊಳ್ಳಿ, ಪಕ್ಕದಲ್ಲಿ ಕನ್ನಡದ್ದೂ ಇರಲಿ. ನನ್ನನ್ನು ಕೇಳಿದರೆ ನಿಮ್ಮ ಈ ಪ್ರವಾಸಕ್ಕೆ ಇರುವ ಕೆಲಸ ಒಂದೇ, ಮಕ್ಕಳು ಹೋಗುವಾಗ ಇಲ್ಲದಿದ್ದ ಹತ್ತು ಮಾತು ಬರುವಾಗ ಬಾಯಲ್ಲಿರಬೇಕು. "ಮೂಗಿನಿಂದ ವಾಸನೆ ನೋಡುತ್ತೇವೆ" ಎಂಬ ವಾಕ್ಯ ಬಿಟ್ಟ ಸ್ಥಳ ತುಂಬಿಸುವುದಕ್ಕಾಯಿತು, ಅದು ಕೂತಲ್ಲೇ ಬರುತ್ತದೆ.

ಮಟ್ಟುವಿನಲ್ಲಿ ಗದ್ದೆಯವರ ಒಪ್ಪಿಗೆ ಮೊದಲೇ ಕೇಳಿಟ್ಟಿರಿ. ಮಳೆಗಾಲದ ಭತ್ತದ ಬೆಳೆ ಆದ ಮೇಲೆ ಗುಳ್ಳ ನೆಡುವುದರಿಂದ ಜನವರಿಯಲ್ಲಿ ಗಿಡದಲ್ಲಿ ಕಾಯಿ ಇರುತ್ತದೆ. ವಾದಿರಾಜ ಗುರುಗಳು ಕೊಟ್ಟ ಬೀಜ ಎಂಬ ಪ್ರತೀತಿಯನ್ನು ಊರಿನವರೇ ಹೇಳಲಿ, ಅವರು ಹೇಳಿದರೆ ರುಚಿ ಜಾಸ್ತಿ. 2011ರಲ್ಲಿ ಈ ಗುಳ್ಳಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ಮಕ್ಕಳಿಗೆ ಬೇಕಾಗಿಲ್ಲ, ಜೊತೆಗೆ ಬಂದ ತಂದೆತಾಯಿಗೆ ಹೇಳಿ, ಖುಷಿಪಡುತ್ತಾರೆ. ಮಕ್ಕಳಿಗೆ ಬೇಕಾದ್ದು ಕಾಯಿ. ಮೈ ನುಣ್ಣಗೆ, ತೊಟ್ಟಿನಲ್ಲಿ ಮುಳ್ಳು. ಎಲೆ ತರಿತರಿ. ಮಣ್ಣು ಮೇಲೆ ಬಿಸಿ, ಬೆರಳು ಇಳಿಸಿದರೆ ತಂಪು. ಬಟ್ಟೆ ಚೀಲದೊಳಗೆ ಒಂದು ಗುಳ್ಳ, ಒಂದು ತೆಂಗಿನ ಗೆರಟೆ, ಒಂದು ಹೊಳೆಗಲ್ಲು ಹಾಕಿ, ಕೈ ಮಾತ್ರ ಒಳಗೆ ಬಿಡಲಿ. ಹೆಸರು ಹೇಳಬಾರದು, ಹೇಗಿದೆ ಎಂದಷ್ಟೇ ಹೇಳಬೇಕು. ಗುಂಪಿನ ಉಳಿದವರು ಅದನ್ನು ಕೇಳಿ ಏನೆಂದು ಊಹಿಸಬೇಕು. "ನುಣ್ಣಗೆ, ಉರುಟು, ತಣ್ಣಗೆ... ಅಯ್ಯೋ ಚುಚ್ಚಿತು" ಎನ್ನುವಷ್ಟರಲ್ಲಿ ಗುಟ್ಟು ರಟ್ಟಾಗುತ್ತದೆ.

ಒಂದು ಎಚ್ಚರಿಕೆ. ಮಲ್ಲಿಗೆಗಾಗಲಿ ಗುಳ್ಳಕ್ಕಾಗಲಿ ಆ ವಾರ ಕೀಟನಾಶಕದ ಮದ್ದು ಬಿಟ್ಟಿದ್ದಾರೆಯೇ ಎಂದು ಹಿಂದಿನ ದಿನವೇ ಫೋನು ಮಾಡಿ ಕೇಳಿ. ಬಿಟ್ಟಿದ್ದರೆ ದಿನ ಬದಲಿಸಿ. ಹೊರಗಡೆ ಏನನ್ನೂ ಬಾಯಿಗೆ ಹಾಕಬಾರದು ಎಂಬುದು ಆ ದಿನದ ಏಕೈಕ ಕಟ್ಟಳೆ. ಕೆಸುವಿನ ಎಲೆ ಹಸಿಯಾಗಿ ಬಾಯಿಗೆ ಹೋದರೆ ತುರಿಕೆ ಹೇಗಿರುತ್ತದೆ ನಿಮಗೆ ಗೊತ್ತು. ಗೇರು ಬೀಜದ ಸೊನೆ ಚರ್ಮವನ್ನೇ ಸುಡುತ್ತದೆ.

ಕಡಲ ತೀರದಲ್ಲಿ ಕಿವಿಯ ಕೆಲಸ. ನೀರಿನ ಹತ್ತಿರ ಹೋಗುವ ಮೊದಲೇ, ರಸ್ತೆ ಬದಿಯ ಗಾಳಿಮರದ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿ. ಕಣ್ಣಿಗೆ ಬಟ್ಟೆ ಕಟ್ಟಬೇಡಿ, ಒಬ್ಬರ ಕೆಂಗಣ್ಣು ಎಲ್ಲರಿಗೂ ಹರಡಲು ಅದೊಂದು ಬಟ್ಟೆ ಸಾಕು, ಹೆದರುವ ಮಕ್ಕಳೂ ಇರುತ್ತಾರೆ. ತಮ್ಮದೇ ಅಂಗೈಯಲ್ಲಿ ಕಣ್ಣು ಮುಚ್ಚಿಕೊಳ್ಳಲಿ. ಒಂದು ನಿಮಿಷ. ಕೇಳಿದ ಪ್ರತಿ ಶಬ್ದಕ್ಕೆ ಒಂದು ಬೆರಳು ಮಡಿಸಬೇಕು. ಆಮೇಲೆ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಕನ್ನಡ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ: ಗಾಳಿಮರ ಸುಯ್ಯೆನ್ನುತ್ತದೆ, ತೆಂಗಿನ ಗರಿ ಪಟಪಟ ಎನ್ನುತ್ತದೆ, ಅಲೆ ಮೊದಲು ಧೊಪ್ಪೆಂದು ಬಿದ್ದು ಆಮೇಲೆ ಸರ್ರನೆ ಹಿಂದೆ ಸರಿಯುತ್ತದೆ, ದೂರದ ದೋಣಿ ಗುಡುಗುಡು. ಅಲೆಗೆ ಎರಡು ಶಬ್ದ ಇದೆ ಎಂದು ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಅವತ್ತೇ ಮೊದಲು ಗಮನಿಸುವುದನ್ನು ನಾನು ಕಂಡಿದ್ದೇನೆ.

ಮತ್ತೊಂದು ಆಟ. ಕಣ್ಣು ಮುಚ್ಚಿ ಕೂತ ಮಗುವಿನ ಸುತ್ತ ಬೇರೆ ಬೇರೆ ದಿಕ್ಕಿನಲ್ಲಿ ನಿಂತು ನೀವು ಚಪ್ಪಾಳೆ ತಟ್ಟಿ, ಅದು ಬೆರಳು ಮಾಡಿ ತೋರಿಸಲಿ. ಸರಿಯಾಗಿಯೇ ತೋರಿಸುತ್ತದೆ. ಈಗ ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಸಿ ಮತ್ತೆ ಆಡಿ, ದಿಕ್ಕು ತಪ್ಪತೊಡಗುತ್ತದೆ. ಶಬ್ದ ಎರಡು ಕಿವಿಗೂ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಮುಟ್ಟುವುದಿಲ್ಲ. ಆ ಚೂರು ವ್ಯತ್ಯಾಸದಿಂದಲೇ ದಿಕ್ಕಿನ ಅಂದಾಜು ಸಿಗುವುದು. ಕಿವಿ ಎರಡು ಯಾಕೆ ಎಂಬ ಪ್ರಶ್ನೆಯನ್ನು ಆಗ ಅವರೇ ಕೇಳುತ್ತಾರೆ.

ನೀರಿಗೆ ಇಳಿಸಲೇಬೇಡಿ. ನಮ್ಮ ಕಡಲಿನ ಸೆಳೆತ ನಿಮಗೆ ಹೇಳಬೇಕಾಗಿಲ್ಲ. ಅಲೆ ಬಂದು ಪಾದ ನೆನೆಸಿ ಹೋಗುವಲ್ಲಿ, ದೊಡ್ಡವರು ಕಡಲಿನ ಬದಿಗೆ ಅಡ್ಡ ನಿಂತು, ಒಂದು ಸಲಕ್ಕೆ ಒಂದು ಗುಂಪು ಮಾತ್ರ ಕೈ ಕೈ ಹಿಡಿದುಕೊಂಡು ನಿಲ್ಲಲಿ. ನೀರು ಹಿಂದೆ ಹೋಗುವಾಗ ಹಿಮ್ಮಡಿಯ ಕೆಳಗಿನ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದಲ್ಲ, ಆ ಕ್ಷಣಕ್ಕೆ ಎಲ್ಲರೂ ಕಿರುಚುತ್ತಾರೆ. ಆಗ ಕೇಳಿ: ನೀನು ಬೀಳುತ್ತೀ ಎಂದು ನಿನಗೆ ಯಾರು ಹೇಳಿದರು? ಕಣ್ಣಾ? ಮೂಗಾ? ಕಾಲಿನ ಚರ್ಮ ಸ್ವಲ್ಪ ಹೇಳಿತು, ಸ್ನಾಯುಗಳು ಸ್ವಲ್ಪ, ಬಸ್ಸಿನಲ್ಲಿ ವಾಂತಿ ಮಾಡಿಸಿದ ಆ ಒಳಗಿವಿಯೂ ಸ್ವಲ್ಪ. ನಮ್ಮವರು ಜ್ಞಾನೇಂದ್ರಿಯ ಐದು ಎಂದರು, ಗ್ರೀಸಿನ ಅರಿಸ್ಟಾಟಲ್ ಕೂಡ ಐದೇ ಎಂದ. ಹೊರಗೆ ಕಾಣುವ ಬಾಗಿಲುಗಳ ಲೆಕ್ಕ ಅದು. ಪರೀಕ್ಷೆಗೆ ಐದು ಎಂದೇ ಬರೆಸಿ, ಗಲಾಟೆ ಬೇಡ. ಆದರೆ "ಐದೇ ಐದು" ಎಂದು ಒತ್ತಿ ಹೇಳಬೇಡಿ. ಹಿಂದೊಮ್ಮೆ ಒಬ್ಬ ಪೋರ "ಹಸಿವು ಯಾವ ಇಂದ್ರಿಯ ಮಾಸ್ಟ್ರೇ?" ಎಂದು ಕೇಳಿದ್ದ. ನಾನು ಗದರಿಸಿ ಕೂರಿಸಿದ್ದೆ. ಎಷ್ಟು ಒಳ್ಳೆಯ ಪ್ರಶ್ನೆ ಅದು.

ಕಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕರೆಯದೆಯೇ ಎಲ್ಲ ಕಡೆ ಮುಂದೆ ನುಗ್ಗುತ್ತದೆ. ಹಳೆಯ ಪೇಪರ್ ಸುರುಳಿ ಸುತ್ತಿ ಕೊಳವೆ ಮಾಡಿ ಕೊಟ್ಟು, ಅದರೊಳಗಿಂದ ಎಷ್ಟು ಬಗೆಯ ಹಸಿರು ಕಾಣುತ್ತದೆ ಎಂದು ಎಣಿಸಲು ಹೇಳಿ. ಸಾಕು.

ನಾಲಿಗೆಯ ಪಾಠ ಶಾಲೆಗೆ ಬಂದು ಕೈ ತೊಳೆದ ಮೇಲೆ. ನಿಮ್ಮ ಚಾರ್ಟು ತಪ್ಪು, ನಿಜ. ನಾನೂ ಅದೇ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ವರ್ಷಗಟ್ಟಲೆ ಪಾಠ ಮಾಡಿದವನು. ಅದರ ಮೂಲ ಇರುವುದು 1901ರಲ್ಲಿ ಜರ್ಮನಿಯ ಹೆನಿಗ್ ಎಂಬವರು ಮಾಡಿದ ಪ್ರಯೋಗದಲ್ಲಿ. ನಾಲಿಗೆಯ ಒಂದೊಂದು ಭಾಗ ಒಂದೊಂದು ರುಚಿಗೆ ತುಸು ಹೆಚ್ಚು ಚುರುಕು ಎಂದಷ್ಟೇ ಅವರು ಕಂಡುಕೊಂಡದ್ದು. ಮುಂದೆ ಅದನ್ನು ಎತ್ತಿ ಬರೆದವರ ಕೈಯಲ್ಲಿ "ತುಸು ಹೆಚ್ಚು" ಹೋಗಿ "ಇಲ್ಲಿ ಮಾತ್ರ" ಆಯಿತು. ರುಚಿಮೊಗ್ಗು ಇರುವಲ್ಲೆಲ್ಲ ಎಲ್ಲ ರುಚಿಯೂ ಗೊತ್ತಾಗುತ್ತದೆ, ಅಂಗುಳ ಮತ್ತು ಗಂಟಲಿನಲ್ಲೂ ಅವು ಇವೆ. ಮಕ್ಕಳಿಗೆ ವಾದ ಬೇಡ, ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಇಡಿ, ಆಮೇಲೆ ಅದೇ ತುದಿಗೆ ಹಾಗಲದ ಚೂರು. ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನೆಲ್ಲಿಕಾಯಿ ಸಿಕ್ಕರೆ ಬೇರೇನೂ ತರಬೇಡಿ. ಕಚ್ಚಿದ ಕೂಡಲೇ ಹುಳಿ, ಜಗಿದಂತೆ ಒಗರು, ಮೇಲೆ ಒಂದು ಗುಟುಕು ನೀರು ಕುಡಿದರೆ ಸಿಹಿ. ನೀರಿಗೆ ಯಾರು ಸಕ್ಕರೆ ಹಾಕಿದರು ಎಂದು ಹುಡುಕಾಡುತ್ತಾರೆ. ಇಲ್ಲಿ ಷಡ್ರಸದ, ಅಂದರೆ ನಮ್ಮ ಹಳೆಯ ಲೆಕ್ಕದ ಆರು ರುಚಿಗಳ ಬಗ್ಗೆ ಒಂದು ಮಾತು, ಯಾಕೆಂದರೆ ಯಾರಾದರೂ ಅಜ್ಜ ಕೇಳಿಯೇ ಕೇಳುತ್ತಾರೆ. ಸಿಹಿ, ಹುಳಿ, ಉಪ್ಪು, ಕಹಿ ಆ ಲೆಕ್ಕದಲ್ಲೂ ಇವೆ, ಈಗಿನ ವಿಜ್ಞಾನದ ಲೆಕ್ಕದಲ್ಲೂ ಇವೆ. ಈಗಿನವರು ಅದಕ್ಕೆ ಉಮಾಮಿ (ಮಾಂಸ, ಅಣಬೆಯ ಸಾರಿನಂಥ ರುಚಿ) ಎಂಬ ಐದನೆಯದನ್ನು ಸೇರಿಸುತ್ತಾರೆ, 1908ರಲ್ಲಿ ಜಪಾನಿನ ವಿಜ್ಞಾನಿ ಇಕೆಡಾ ಹೆಸರಿಟ್ಟದ್ದು. ನಮ್ಮ ಒಗರು ಬಹುಮಟ್ಟಿಗೆ ಸ್ಪರ್ಶದ ಸಂಗತಿ, ಬಾಯಿಯ ಜೊಲ್ಲು ಜಾರುಗುಣ ಕಳೆದುಕೊಂಡು ನಾಲಿಗೆ ಹಿಡಿದುಕೊಂಡಂತೆ ಆಗುವುದು. ಖಾರವೂ ರುಚಿಮೊಗ್ಗಿನದಲ್ಲ. ಬಿಸಿ ಮತ್ತು ನೋವನ್ನು ತಿಳಿಸುವ ಗ್ರಾಹಕವನ್ನೇ ಮೆಣಸು ಎಬ್ಬಿಸುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಮೆಣಸು ಕಚ್ಚಿದವರು "ಬಾಯಿ ಉರಿಯಿತು" ಎಂದೇ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ.

ಕೊನೆಗೆ ಏಲಕ್ಕಿ ಹಾಕಿದ ಬೆಲ್ಲದ ಪುಡಿ. ಮೂಗು ಬಿಗಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಲಿ. ಬರೀ ಸಿಹಿ. ಈಗ ಮೂಗು ಬಿಡಲಿ. ಏಲಕ್ಕಿ ಒಮ್ಮೆಲೇ ಬಂದು ನಿಲ್ಲುತ್ತದೆ, ಗಂಟಲ ಹಿಂದಿನಿಂದ ಮೂಗಿಗೆ ಹೋಗುವ ದಾರಿ ತೆರೆಯಿತಲ್ಲ. ಶೀತ ಆದಾಗ ಊಟ ಯಾಕೆ ಚಪ್ಪೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಯಾವ ಮಗುವಿಗೆ ಏನು ತಿಂದರೆ ಆಗುವುದಿಲ್ಲ ಎಂದು ಮನೆಯವರಿಂದ ಮೊದಲೇ ಬರೆಸಿಕೊಂಡಿರಿ.

ಇನ್ನು ನಿಮ್ಮ ಆ ಇಬ್ಬರು. ಶ್ರವಣಯಂತ್ರಕ್ಕೆ ಕಡಲ ಗಾಳಿ ಆಗುವುದಿಲ್ಲ. ಗಾಳಿ ಮೈಕ್ರೊಫೋನಿಗೆ ಬಡಿದು ಕಿವಿ ತುಂಬ ಗೊರಗೊರ ಆಗುತ್ತದೆ, ಉಪ್ಪುನೀರು, ಹೊಯಿಗೆ ಬೇರೆ. ಡಬ್ಬಿ ಜೊತೆಗಿರಲಿ, ಬೇಕಾದಾಗ ತೆಗೆದಿಡುವುದನ್ನು ಅವನೇ ತೀರ್ಮಾನಿಸಲಿ. ಕಿವಿಯ ಆಟವನ್ನು ಅವನ ಗುಂಪು ಗಾಳಿಗೆ ಮರೆಯಾದ ಕಡೆ ಆಡಲಿ. ದಿಕ್ಕು ಹೇಳುವ ಆಟದಲ್ಲಿ ಅವನಿಗೆ ಚಪ್ಪಾಳೆ ತಟ್ಟುವ ಕೆಲಸ ಕೊಡಿ. ಶಾಲೆಯಲ್ಲಿ ಊದಿದ ಬಲೂನನ್ನು ಎದೆಗೆ ಒತ್ತಿ ಹಿಡಿದು, ಎದುರಿಗೆ ಡೋಲು ಬಡಿದರೆ ಶಬ್ದ ಕೈಗೂ ಎದೆಗೂ ಬರುತ್ತದೆ. ಇದನ್ನು ಅವನೊಬ್ಬನಿಗೆ ಅಂತ ಮಾಡಬೇಡಿ, 28 ಮಕ್ಕಳಿಗೂ ಮಾಡಿಸಿ. ಅದರಲ್ಲಿ ಅವನೇ ಎಲ್ಲರಿಗಿಂತ ಚುರುಕಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಆ ಹುಡುಗಿಯ ಕೈಯನ್ನು ಹಿಡಿದು ಚೀಲದೊಳಗೆ ಹಾಕಿಸಬೇಡಿ, ಯಾರೂ ನಗದ ಹಾಗೆ ನೋಡಿಕೊಳ್ಳಿ. ಕೆಲವು ಮಕ್ಕಳಿಗೆ ಸ್ಪರ್ಶ ನಿಜವಾಗಿಯೂ ಹೆಚ್ಚು ಜೋರಾಗಿ ತಾಗುತ್ತದೆ, ಹಠ ಅಲ್ಲ ಅದು. ಒಂದು ಕಡ್ಡಿ ಕೊಡಿ, ಕಡ್ಡಿಯಿಂದ ಮುಟ್ಟಲಿ. ಕೈಯಲ್ಲಿ ಒಂದು ಒದ್ದೆ ಟವೆಲ್ಲೂ ಇರಲಿ, ಬೇಕೆಂದಾಗ ಒರೆಸಿಕೊಳ್ಳಬಹುದು ಎಂಬ ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ. ಉಳಿದವರು ಹೇಳಿದ ಮಾತುಗಳನ್ನು ಗುಂಪಿನ ಪರವಾಗಿ ನೆನಪಿಟ್ಟುಕೊಂಡು ನಿಮಗೆ ಒಪ್ಪಿಸುವುದು ಅವಳ ಜವಾಬ್ದಾರಿ ಆಗಲಿ.

ಮರುದಿನ ಆ ಮಾತುಗಳನ್ನೆಲ್ಲ ಬರೆದು ಗೋಡೆಗೆ ಹಾಕಲು ದೊಡ್ಡ ಹಾಳೆ ಬೇಕಾಗುತ್ತದೆ. ನಾಲಿಗೆಯ ಹಳೆಯ ಚಾರ್ಟನ್ನು ಹರಿದು ಬಿಸಾಡಬೇಡಿ. ದಪ್ಪ ಕಾಗದ ಅದು, ಹಿಂಬದಿ ಖಾಲಿ ಇರುತ್ತದೆ.